ಪುಟಸಂಖ್ಯೆ ಬೀಳುವ ಮೊದಲು

“ಲೇಖನಗಳೆಲ್ಲ ಬಂದ್ವು ಸಾರ್, ಇನ್ನೇನು ಪ್ರೆಸ್ಸಿಗೆ ಕೊಡೋದಷ್ಟೆ.” ಕಾಲೇಜಿನ ಸಂಶೋಧನಾ ಪತ್ರಿಕೆಯ ಸಂಪಾದಕರು ಹೀಗೆಂದರೆ ಕೆಲಸ ಇನ್ನೂ ಅರ್ಧ ಬಾಕಿ ಇದೆ ಎಂದೇ ತಿಳಿಯಬೇಕು. ಲೇಖನ ಬರುವುದು, ವಿಷಯತಜ್ಞರು ಅದನ್ನು ಓದಿ ಒಪ್ಪುವುದು ಮೊದಲ ಅರ್ಧ. ಒಪ್ಪಿದ ಲೇಖನ ಅಚ್ಚಿನ ಹಾಳೆಯ ಮೇಲೆ ಸರಿಯಾಗಿ ಕೂರುವುದು ಇನ್ನರ್ಧ. ಮೊದಲನೆಯದರ ಬಗ್ಗೆ ಕಮ್ಮಟಗಳು ನಡೆಯುತ್ತವೆ, ಸುತ್ತೋಲೆಗಳು ಬರುತ್ತವೆ. ಎರಡನೆಯದನ್ನು ಡಿಟಿಪಿ ಅಂಗಡಿಯ ಹುಡುಗನ ತಲೆಗೆ ಕಟ್ಟಿ ಸುಮ್ಮನಾಗುವುದು ನಮ್ಮ ರೂಢಿ.

ಮಂಡ್ಯ ಸೀಮೆಗೆ ಇದು ಈಗ ಹತ್ತಿರದ ವಿಷಯ. ಜಿಲ್ಲಾ ಕೇಂದ್ರದಲ್ಲಿ ವಿಶ್ವವಿದ್ಯಾಲಯ ಬಂದಿದೆ. 1962ರಿಂದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿದೆ, ವಿ.ಸಿ. ಫಾರಂನಲ್ಲಿ ಕೃಷಿ ಸಂಶೋಧನೆ ದಶಕಗಳಿಂದ ನಡೆದಿದೆ, ಮದ್ದೂರು ಮಳವಳ್ಳಿಗಳಲ್ಲೂ ಪದವಿ ಕಾಲೇಜುಗಳಿವೆ. ಇಂಥ ಕಡೆಗಳಲ್ಲಿ ಯಾವುದಾದರೊಂದು ವಿಭಾಗ ‘ನಾವೂ ಒಂದು ಜರ್ನಲ್ ತರೋಣ’ ಎಂದು ಹೊರಡುವುದು ಸಹಜ. ಒಳ್ಳೆಯ ಪತ್ರಿಕೆಗಳನ್ನು ಗುರುತಿಸಲೆಂದು ಮಾಡಿದ್ದ ಯುಜಿಸಿ–ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲೆ, ಯಾವ ಪತ್ರಿಕೆ ಯೋಗ್ಯ ಎಂದು ನಿರ್ಧರಿಸುವ ಹೊಣೆ ಸಂಸ್ಥೆಗಳ ಮೇಲೆಯೇ ಬಿದ್ದಿದೆ. ಅಂದಮೇಲೆ ಪತ್ರಿಕೆಯನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ಅದರ ಮೈಕಟ್ಟನ್ನೇ.

ವಾರಪತ್ರಿಕೆಯಲ್ಲಿ ಒಂದಕ್ಷರ ತಪ್ಪಿದರೆ ಓದುಗ ನಕ್ಕು ಮುಂದೆ ಹೋಗುತ್ತಾನೆ. ಸಂಶೋಧನಾ ಪತ್ರಿಕೆಯ ಓದುಗ ಬರುವುದು ಮೂವತ್ತು ವರ್ಷಗಳ ನಂತರ, ಇಂಥ ಸಂಪುಟ, ಇಂಥ ಸಂಚಿಕೆ, ಪುಟ 47 ಎಂಬ ಚೀಟಿ ಹಿಡಿದುಕೊಂಡು. ಆ ಪುಟದಲ್ಲಿ ಆ ವಾಕ್ಯ ಇಲ್ಲದಿದ್ದರೆ ಲೇಖನ ಇದ್ದೂ ಇಲ್ಲದಂತೆ. ಕಾನೂನೂ ಇವೆರಡನ್ನು ಬೇರೆಯಾಗಿ ನೋಡುತ್ತದೆ. 1867ರ ಹಳೆಯ ಕಾಯ್ದೆಯ ಜಾಗಕ್ಕೆ 2024ರ ಮಾರ್ಚ್ 1ರಂದು ಬಂದ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆಯು ವೈಜ್ಞಾನಿಕ, ತಾಂತ್ರಿಕ, ಶೈಕ್ಷಣಿಕ ಜರ್ನಲ್‌ಗಳನ್ನು ನಿಯತಕಾಲಿಕದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಅವುಗಳ ಗುರುತು ಐಎಸ್‌ಎಸ್‌ಎನ್ ಎಂಬ ಎಂಟಂಕಿಯ ಸಂಖ್ಯೆ. ದೆಹಲಿಯ ರಾಷ್ಟ್ರೀಯ ಕೇಂದ್ರ ಇದನ್ನು ಶುಲ್ಕವಿಲ್ಲದೆ ಕೊಡುತ್ತದೆ. ಅಚ್ಚಿನ ಆವೃತ್ತಿಗೆ ಒಂದು, ಅಂತರ್ಜಾಲದ ಆವೃತ್ತಿಗೆ ಇನ್ನೊಂದು. ಪತ್ರಿಕೆಯ ಹೆಸರು ಬದಲಿಸಿದರೆ ಹೊಸದೇ ಬೇಕು. ರಕ್ಷಾಪುಟದಲ್ಲಿ ಈ ಸಂಖ್ಯೆ ತಪ್ಪಾಗಿ ಬೀಳುವುದು ಅಪರೂಪವೇನಲ್ಲ. ಹಿಡಿಯಲು ಒಂದು ಸುಲಭದ ಲೆಕ್ಕವಿದೆ. ಮೊದಲ ಏಳು ಅಂಕಿಗಳನ್ನು ಸಾಲಾಗಿ 8, 7, 6, 5, 4, 3, 2ರಿಂದ ಗುಣಿಸಿ ಎಲ್ಲವನ್ನೂ ಕೂಡಿ. ಬಂದ ಮೊತ್ತವನ್ನು 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಲ್ಲಿ ಕಳೆಯಿರಿ. ಸಿಗುವುದು ಎಂಟನೆಯ ಅಂಕಿ. ಹತ್ತು ಬಂದರೆ ‘ಎಕ್ಸ್’ ಎಂದು ಹಾಕುತ್ತಾರೆ, ಶೇಷವೇ ಉಳಿಯದಿದ್ದರೆ ಸೊನ್ನೆ. ತಾಳೆಯಾಗದಿದ್ದರೆ ಎಲ್ಲೋ ಅಂಕಿ ಪಲ್ಟಿ ಹೊಡೆದಿದೆ ಎಂದೇ ಅರ್ಥ.

ಈಗ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಬಗ್ಗೆಯೇ ಒಂದು ಸಂಚಿಕೆ ಸಿದ್ಧವಾಗುತ್ತಿದೆ ಎಂದು ಇಟ್ಟುಕೊಳ್ಳೋಣ. ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಮೇಲೊಂದು ಲೇಖನ. 1938ರ ಏಪ್ರಿಲ್‌ನ ಶಿವಪುರ ಧ್ವಜ ಸತ್ಯಾಗ್ರಹದ ಮೇಲೊಂದು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಬೆಳೆಸಿದ ಇಂಡಾಫ್ ತಳಿಗಳ ಮೇಲೊಂದು. ಮಳವಳ್ಳಿ ಕಡೆಯಿಂದ ಬಂಡೂರು ಕುರಿ ಮತ್ತು ಮಂಟೇಸ್ವಾಮಿ ಕಾವ್ಯದ ಮೇಲೆ ಎರಡು. ಐದೂ ಒಳ್ಳೆಯ ಲೇಖನಗಳೇ ಇರಬಹುದು. ಆದರೆ ಐದೂ ಅಚ್ಚಿನ ಮನೆಗೆ ಐದು ಬೇರೆ ಬೇರೆ ತಲೆನೋವು.

ಆತಕೂರಿನದನ್ನೇ ಮೊದಲು ನೋಡಿ. ಕ್ರಿ.ಶ. 949–50ರ ಈ ಕಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ್ದು. ಗಂಗರ ಅರಸ ಬೂತುಗನಿಂದ ಅವನ ಕಡೆಯ ವೀರ ಮಣಲೇರ ಆ ನಾಯಿಯನ್ನು ಪಡೆದ, ಅದು ಕಾಡುಹಂದಿಯೊಡನೆ ಹೋರಾಡಿ ತಾನೂ ಸತ್ತಿತು. ತಕ್ಕೋಲಂ ಕಾಳಗದಲ್ಲಿ ಚೋಳ ರಾಜಾದಿತ್ಯ ಮಡಿದ ಸಂಗತಿಯೂ ಅದರಲ್ಲೇ ಇದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಚ್ಚಿನ ತೊಂದರೆ ಶುರುವಾಗುವುದು ಅಕ್ಷರದಿಂದ. ಹತ್ತನೆಯ ಶತಮಾನದ ಕನ್ನಡದಲ್ಲಿ ೞ ಮತ್ತು ಱ ಎಂಬ ಎರಡು ಅಕ್ಷರಗಳಿದ್ದವು. ‘ಚೋಳ’ ಎಂಬ ಹೆಸರನ್ನು ಆಗ ಬರೆಯುತ್ತಿದ್ದುದು ಚೋೞ ಎಂದು. ಯೂನಿಕೋಡ್‌ನಲ್ಲಿ ಎರಡಕ್ಕೂ ಜಾಗವಿದೆ. ಡಿಟಿಪಿಯವರು ಬಳಸುವ ಹಳೆಯ ಫಾಂಟ್‌ನಲ್ಲಿ ಇರುತ್ತದೆ ಎಂಬ ಖಾತ್ರಿಯಿಲ್ಲ. ಇಲ್ಲದಿದ್ದರೆ ಅಲ್ಲೊಂದು ಖಾಲಿ ಡಬ್ಬಿ ಬೀಳುತ್ತದೆ. ಇಲ್ಲವೇ ಯಾರೋ ಪುಣ್ಯಾತ್ಮರು ‘ಸರಿಮಾಡಿ’ ಳ ಹಾಕಿಬಿಡುತ್ತಾರೆ. ಖಾಲಿ ಡಬ್ಬಿಯೇ ವಾಸಿ, ಕಣ್ಣಿಗಾದರೂ ಬೀಳುತ್ತದೆ.

ಎರಡನೆಯ ತೊಂದರೆ ಉಲ್ಲೇಖದ್ದು. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಶಾಸನ ಮಂಡ್ಯ ತಾಲ್ಲೂಕಿನ 41ನೆಯದು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳೆಲ್ಲ ಏಳನೆಯ ಸಂಪುಟಕ್ಕೆ ಬಂದವು. ಒಬ್ಬ ಲೇಖಕರು ‘ಸಂ. 3’ ಎಂದೂ ಇನ್ನೊಬ್ಬರು ‘ಸಂ. 7’ ಎಂದೂ ಬರೆದರೆ ಇಬ್ಬರೂ ಸರಿಯೇ, ಓದುಗ ಮಾತ್ರ ದಾರಿ ತಪ್ಪುತ್ತಾನೆ. ಯಾವ ಆವೃತ್ತಿ ಎಂಬುದನ್ನು ಸಂಚಿಕೆಯುದ್ದಕ್ಕೂ ಒಂದೇ ಕ್ರಮದಲ್ಲಿ ಹೇಳಬೇಕು. ಇದನ್ನು ತೀರ್ಮಾನಿಸಬೇಕಾದವರು ಸಂಪಾದಕರು. ಪ್ರೆಸ್ಸಿನವರಿಗೆ ಇದು ಗೊತ್ತಾಗುವುದೂ ಇಲ್ಲ, ಗೊತ್ತಾಗಬೇಕೆಂದು ಬಯಸುವುದು ನ್ಯಾಯವೂ ಅಲ್ಲ.

ಮಂಟೇಸ್ವಾಮಿ ಕಾವ್ಯದ ಲೇಖನದ್ದು ತದ್ವಿರುದ್ಧ ಕಷ್ಟ. ಇದನ್ನು ಹಾಡುವ ನೀಲಗಾರರ ಬಾಯಿಂದ ಕೇಳಿ ಬರೆದುಕೊಂಡ ಸಾಲುಗಳಲ್ಲಿ ‘ಬತ್ತೀನಿ’, ‘ಓಯ್ತಾನೆ’, ‘ಏನ್ಲಾ’ ಎಂದು ಇರುತ್ತದೆ. ಕರಡು ತಿದ್ದುವವರು ವ್ಯಾಕರಣದಲ್ಲಿ ಗಟ್ಟಿಗರಾಗಿದ್ದಷ್ಟೂ ಅಪಾಯ ಜಾಸ್ತಿ: ‘ಬರುತ್ತೇನೆ’, ‘ಹೋಗುತ್ತಾನೆ’ ಎಂದು ತಿದ್ದಿ ಕೂರುತ್ತಾರೆ. ಹಾಡಿದವರ ಮಾತನ್ನು ಹಾಡಿದಂತೆಯೇ ಉಳಿಸಬೇಕೆಂದು ಹಸ್ತಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಡುವುದೇ ಇದಕ್ಕೆ ಮದ್ದು. ಸಾಲು ಎಲ್ಲಿ ಮುರಿಯಬೇಕೆಂಬುದೂ ಅಷ್ಟೇ ಮುಖ್ಯ. ಹಾಡಿನ ಸಾಲು ಪುಟದ ಅಗಲಕ್ಕೆ ಹಿಡಿಸದಿದ್ದರೆ ಅಕ್ಷರ ಚಿಕ್ಕದು ಮಾಡಬೇಕೋ, ಸಾಲು ಮಡಚಬೇಕೋ ಎಂಬುದನ್ನು ಮೊದಲೇ ಹೇಳದಿದ್ದರೆ ಕಂಪ್ಯೂಟರ್ ತನಗೆ ತೋಚಿದ ಕಡೆ ಮುರಿಯುತ್ತದೆ.

ಇನ್ನು ಫಾಂಟ್‌ಗಳ ಕಥೆ. ಕನ್ನಡದ ಯಾವ ಸಂಪಾದಕರೂ ಇದರಿಂದ ತಪ್ಪಿಸಿಕೊಂಡಿಲ್ಲ. ಒಬ್ಬ ಲೇಖಕರು ಹಳೆಯ ‘ನುಡಿ’ ತಂತ್ರಾಂಶದಲ್ಲಿ, ಇನ್ನೊಬ್ಬರು ‘ಬರಹ’ ತಂತ್ರಾಂಶದಲ್ಲಿ, ಮತ್ತೊಬ್ಬರು ಮೊಬೈಲಿನಲ್ಲೇ ಯೂನಿಕೋಡ್‌ನಲ್ಲಿ ಬರೆದು ಕಳಿಸುತ್ತಾರೆ. ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಬರೀ ಗೋಜಲು. ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳು ಇನ್ನೂ ನೆಚ್ಚಿಕೊಂಡಿರುವ ಪೇಜ್‌ಮೇಕರ್ 2001ರಲ್ಲಿ ಕೊನೆಯ ಪ್ರಮುಖ ಆವೃತ್ತಿ ಕಂಡದ್ದು, ಅದಕ್ಕೆ ಯೂನಿಕೋಡ್ ಬರುವುದಿಲ್ಲ. ಹಾಗಾಗಿ ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಸೋರಿಹೋಗುವುದು ಕಣ್ಣಿಗೆ ಕಾಣದ ಸಂಗತಿಗಳೇ. ‘ಪ್ಲೇಟ್‌ಗಳು’ ಎಂಬುದು ‘ಪ್ಲೇಟ್ಗಳು’ ಎಂದಾಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಜಾರಿ ಅರ್ಕಾವತ್ತಾಗಿ ‘ರ್ಯಾಂಕ್’ ಎಂದು ಕೂರುತ್ತದೆ.

ಇದಕ್ಕಿಂತ ನಾಜೂಕಿನದು ಅನುಸ್ವಾರ. ‘ಮಂಡ್ಯ’ ಎಂದು ಬರೆಯುವಾಗ ಅವಸರದ ಬೆರಳು ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿರುತ್ತದೆ. ಎರಡೂ ದುಂಡಗೆ, ಅಚ್ಚಿನಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ. ಅದೇ ಸಂಚಿಕೆಯ ಪಿಡಿಎಫ್ ತೆರೆದು ‘ಮಂಡ್ಯ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಮಂಡ್ಯದ ಬಗ್ಗೆಯೇ ಇರುವ ಸಂಚಿಕೆಯಲ್ಲಿ ಮಂಡ್ಯ ಇಲ್ಲ! ಇದನ್ನು ಪುಟಕಟ್ಟುವ ಮುಂಚೆ ‘ಹುಡುಕಿ ಬದಲಿಸು’ ಆಜ್ಞೆಯಿಂದ ಐದು ನಿಮಿಷದಲ್ಲಿ ಸರಿಪಡಿಸಬಹುದು. ಪುಟಕಟ್ಟಿದ ಮೇಲೆ ಅದೇ ಕೆಲಸ ಸಾಲುಗಳನ್ನು ಕದಲಿಸುತ್ತದೆ.

ಸಾಲು ಕದಲಿದರೆ ಏನು ಮಹಾ ಎಂದು ಕೇಳಬಹುದು. ಒಂದು ಹಾಳೆ ತೆಗೆದುಕೊಂಡು ಮೂರು ಸಲ ಮಡಚಿ. ಎಂಟು ಎಲೆಗಳಾಗುತ್ತವೆ, ಅಂದರೆ ಹದಿನಾರು ಪುಟ. ಮಡಚಿದಂತೆಯೇ ಮೂಲೆಗಳಲ್ಲಿ 1ರಿಂದ 16ರವರೆಗೆ ಸಂಖ್ಯೆ ಹಾಕಿ, ಬಿಡಿಸಿ ನೋಡಿ. ಹಾಳೆಯ ಒಂದು ಬದಿಗೆ 1, 4, 5, 8, 9, 12, 13, 16. ಇನ್ನೊಂದು ಬದಿಗೆ ಉಳಿದವು. ಒಂದನೆಯ ಪುಟದ ಪಕ್ಕದಲ್ಲೇ ಹದಿನಾರನೆಯದು ಕೂತಿರುತ್ತದೆ. ಇದೇ ಒಂದು ‘ಫಾರಂ’. ಅಚ್ಚಿನ ಮನೆ ಲೆಕ್ಕ ಹಾಕುವುದು, ದರ ಹೇಳುವುದು ಫಾರಂಗಳಲ್ಲಿ. ಡೆಮಿ ಅಷ್ಟಕ ಆಕಾರದ ನಿಮ್ಮ ಸಂಚಿಕೆ 160 ಪುಟವಾದರೆ ಸರಿಯಾಗಿ ಹತ್ತು ಫಾರಂ. ಕೊನೆಯ ಗಳಿಗೆಯಲ್ಲಿ ಲೇಖಕರೊಬ್ಬರು ಒಂದು ಪ್ಯಾರಾ ಸೇರಿಸಿ 161ನೆಯ ಪುಟಕ್ಕೆ ನಾಲ್ಕು ಸಾಲು ದಾಟಿಸಿದರೆ, ಆ ನಾಲ್ಕು ಸಾಲಿಗಾಗಿ ಇನ್ನೊಂದು ತುಂಡು ಫಾರಂ, ಅದಕ್ಕೆ ಬೇರೆ ಪ್ಲೇಟು, ಬೇರೆ ಹಾಳೆ. ಜೊತೆಗೆ ಪರಿವಿಡಿಯ ಪುಟಸಂಖ್ಯೆಗಳು, ‘ನೋಡಿ: ಪುಟ ಇಂತಿಷ್ಟು’ ಎಂಬ ಒಳ ಉಲ್ಲೇಖಗಳು ಎಲ್ಲವೂ ಅನುಮಾನಕ್ಕೆ ಬೀಳುತ್ತವೆ. ಬೆನ್ನಿನ ದಪ್ಪವೂ ಪುಟದ ಲೆಕ್ಕದ ಮೇಲೆಯೇ ನಿಂತಿದೆ. 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದಲ್ಲಿ 160 ಪುಟ ಎಂದರೆ 80 ಎಲೆ, ಅಂದಾಜು ಏಳೆಂಟು ಮಿಲಿಮೀಟರ್. ಇದು ಗೊತ್ತಿಲ್ಲದೆ ರಕ್ಷಾಪುಟ ಮುಂಚೆಯೇ ಮಾಡಿಸಿದರೆ ಬೆನ್ನಿನ ಮೇಲಿನ ಹೆಸರು ಪಕ್ಕಕ್ಕೆ ಜಾರಿ ಕೂರುತ್ತದೆ.

ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಈ ಶಿಸ್ತು ತಾನಾಗಿಯೇ ಇತ್ತು. 1918ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ ಶುರುಮಾಡಿದ ದಿನಗಳನ್ನು ನೆನೆಯಿರಿ. ಮೊದಲು ಗ್ಯಾಲಿ ಪ್ರೂಫ್, ಅಂದರೆ ಪುಟ ಮಾಡದ ಉದ್ದನೆಯ ಪಟ್ಟಿ, ತಿದ್ದುವುದೆಲ್ಲ ಅದರಲ್ಲೇ. ಆಮೇಲೆ ಪೇಜ್ ಪ್ರೂಫ್. ಪುಟಕಟ್ಟಿದ ಮೇಲೆ ಒಂದು ಪದ ಸೇರಿಸಬೇಕಾದರೆ ಮೊಳೆ ಜೋಡಿಸುವವರು ಸಾಲುಗಟ್ಟಲೆ ಕಿತ್ತು ಮತ್ತೆ ಜೋಡಿಸಬೇಕಿತ್ತು. ಆ ಶ್ರಮಕ್ಕೆ ಅಂಜಿಯೇ ಸಂಪಾದಕರು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಈಗ ರಾತ್ರಿ ಹನ್ನೊಂದಕ್ಕೂ ವಾಟ್ಸಾಪ್‌ನಲ್ಲಿ ‘ಇದೊಂದು ಸೇರಿಸಿ ಸಾರ್’ ಎಂದು ಬರುತ್ತದೆ, ಸೇರಿಸುವುದೂ ಸುಲಭ. ಗದ್ದೆಗೆ ನಾಲೆ ನೀರು ಬಿಟ್ಟ ಮೇಲೆ ಬದು ಕಟ್ಟಲು ಹೊರಟಂತೆ ಆಗುತ್ತದೆ ನಮ್ಮ ಕೆಲಸ. ನನ್ನ ಅಭಿಪ್ರಾಯದಲ್ಲಿ ಕಂಪ್ಯೂಟರ್ ಬಂದ ಮೇಲೆ ಕನ್ನಡ ಸಂಶೋಧನಾ ಪತ್ರಿಕೆಗಳಲ್ಲಿ ತಪ್ಪು ಹೆಚ್ಚಿದ್ದರೆ ಅದಕ್ಕೆ ಮುಖ್ಯ ಕಾರಣ ಈ ಸುಲಭವೇ.

ಉಳಿದ ಲೇಖನಗಳ ವಿಷಯ ಚುಟುಕಾಗಿ ಹೇಳಬಹುದು. ಇಂಡಾಫ್ ಲೇಖನದ ಇಳುವರಿ ನಕ್ಷೆಯಲ್ಲಿ ಒಂದು ತಳಿಗೆ ಕೆಂಪು ಗೆರೆ, ಇನ್ನೊಂದಕ್ಕೆ ಹಸಿರು ಗೆರೆ ಇದ್ದರೆ ಕಪ್ಪುಬಿಳುಪಿನ ಅಚ್ಚಿನಲ್ಲಿ ಎರಡೂ ಒಂದೇ ಬೂದಿ ಬಣ್ಣ. ಒಂದನ್ನು ಇಡಿಗೆರೆ, ಇನ್ನೊಂದನ್ನು ತುಂಡುಗೆರೆ ಮಾಡಿಸಬೇಕು. ಬಂಡೂರು ಕುರಿಯ ಫೋಟೊ ವಾಟ್ಸಾಪ್‌ನಲ್ಲಿ ಬಂದಿದ್ದರೆ ಅದರ ಮೈ ಆಗಲೇ ಸೊರಗಿರುತ್ತದೆ. ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 300 ಚುಕ್ಕೆಯಾದರೂ ಬೇಕು, ಆದ್ದರಿಂದ ಮೂಲ ಕಡತವನ್ನೇ ತರಿಸಿಕೊಳ್ಳಬೇಕು. ಶಿವಪುರದ ಹಳೆಯ ಫೋಟೊ ಇದ್ದರೆ ಅದನ್ನು ಹೊಳಪು ಮಾಡಲು ಹೋಗದೆ ಸ್ಕ್ಯಾನ್ ಮಾಡಿಸಿ, ಅದು ಯಾರ ಸಂಗ್ರಹದ್ದು ಎಂಬುದನ್ನು ಕೆಳಗೆ ಹಾಕಬೇಕು. ಕನ್ನಡಕ್ಕೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ. ಪುಟ ಉಳಿಸಲು ಈ ಜಾಗವನ್ನೇ ಕಡಿಮೆ ಮಾಡುವ ಜಾಣತನವನ್ನು ಎಷ್ಟೋ ಸಂಚಿಕೆಗಳಲ್ಲಿ ಕಾಣಬಹುದು. ಓದುವವರ ಕಣ್ಣಿಗೆ ಅದು ಹಿಂಸೆ.

ಕ್ರಮ ಹೇಳಬೇಕೆಂದರೆ ಇಷ್ಟೆ. ಎಲ್ಲ ಲೇಖನಗಳನ್ನೂ ಮೊದಲು ಯೂನಿಕೋಡ್‌ಗೆ ತಂದು, ಹೆಸರುಗಳ ಕಾಗುಣಿತ, ಅಂಕಿಗಳು, ಉಲ್ಲೇಖದ ರೀತಿ ಇವನ್ನೆಲ್ಲ ಒಂದು ಹದಕ್ಕೆ ತರುವುದು. ಪುಟಕಟ್ಟುವ ಮುಂಚೆ ಲೇಖಕರಿಗೆ ಕರಡು ಕಳಿಸಿ, ತಪ್ಪುಗಳನ್ನು ಮಾತ್ರ ಹೇಳಿ, ಹೊಸ ವಿಚಾರ ಮುಂದಿನ ಸಂಚಿಕೆಗೆ ಎಂದು ಖಡಾಖಂಡಿತವಾಗಿ ತಿಳಿಸುವುದು. ಅಲ್ಲಿಗೆ ಪಠ್ಯ ಮುಗಿಯಿತು ಎಂದು ಬಾಗಿಲು ಹಾಕುವುದು. ಆಮೇಲೆ ಪುಟವಿನ್ಯಾಸ, ಆಮೇಲೆ ಪುಟಗಳ ಕರಡು. ಇದನ್ನು ಪರದೆಯ ಮೇಲಲ್ಲ, ಕಾಗದದ ಮೇಲೆ ತೆಗೆಸಿ, ಲೇಖನ ಬರೆಯದ ಒಬ್ಬರಿಂದ ಓದಿಸಬೇಕು. ಬರೆದವರ ಕಣ್ಣು ಇರಬೇಕಾದ್ದನ್ನೇ ಓದುತ್ತದೆ. ಪ್ಲೇಟ್ ಮಾಡಿಸುವ ಮುನ್ನ ಪರಿವಿಡಿಯನ್ನು ಪುಟಗಳ ಜೊತೆ ಒಂದೊಂದಾಗಿ ತಾಳೆ ನೋಡಿ, ಸಂಪಾದಕರೇ ರುಜು ಹಾಕಬೇಕು. ‘ನೀವೇ ನೋಡ್ಕೊಂಡ್ಬಿಡಿ’ ಎಂಬ ಮಾತು ಅಲ್ಲಿ ಸಲ್ಲದು.

ಕಾಲೇಜುಗಳ ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಗಳಲ್ಲಿ ಒಂದು ಕೋರಿಕೆ. ಸಂಚಿಕೆಯ ಖರ್ಚಿನ ಪಟ್ಟಿಯಲ್ಲಿ ಕಾಗದ, ಅಚ್ಚು, ಬೈಂಡಿಂಗ್ ಇರುತ್ತವೆ. ಬಿಡುಗಡೆ ಸಮಾರಂಭದ ಶಾಮಿಯಾನ, ಹಾರ, ಶಾಲು, ಊಟ ಇರುತ್ತವೆ. ಕರಡು ತಿದ್ದುವವರ ಸಂಭಾವನೆಗೆ ಒಂದು ಸಾಲೂ ಇರುವುದಿಲ್ಲ. ಮುಂದಿನ ಸಂಚಿಕೆಯ ಪಟ್ಟಿ ಮಾಡುವಾಗ ಶಾಲಿಗಿಂತ ಮೇಲೆ ಆ ಸಾಲನ್ನು ಬರೆಯಿರಿ.