ಬಿಳಿ ಚಿನ್ನದ ಲೆಕ್ಕ: 100 ರೂಪಾಯಿಗೆ 30 ಪೈಸೆ

"ಮಂಡ್ಯದಲ್ಲಿ ಬಿಳಿ ಚಿನ್ನ ಸಿಕ್ಕಿದೆ, ಇನ್ನು ನಾವೇ ಶ್ರೀಮಂತರು" ಅನ್ನೋ ರೀಲ್ ನಿಮಗೂ ಬಂದಿರುತ್ತೆ. ಶೇರ್ ಮಾಡೋ ಮುಂಚೆ ಒಂದು ನಿಮಿಷ ಲೆಕ್ಕ ಹಾಕೋಣ ಬನ್ನಿ.

ಮೊದಲು ಹೆಸರು ಸರಿ ಮಾಡ್ಕೊಳ್ಳೋಣ. ಲಿಥಿಯಂ ರೇರ್ ಅರ್ಥ್ ಲೋಹ ಅಲ್ಲ. ರೇರ್ ಅರ್ಥ್ ಬೇಕಾಗೋದು ಇವಿ ಮೋಟರಿನ ಮ್ಯಾಗ್ನೆಟ್‌ಗೆ, ಲಿಥಿಯಂ ಬ್ಯಾಟರಿಗೆ. ಆದರೆ ಎರಡರ ಗಣಿಯಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಲಾಭ ಯಾರಿಗೆ, ಕಸ ಯಾರಿಗೆ?

2020ರಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣದ ಹತ್ತಿರ 14,100 ಟನ್ ಲಿಥಿಯಂ ಇದೆ ಅಂತ ಸುದ್ದಿಯಾಯ್ತು. 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಅಂದಾಜು 1,600 ಟನ್. ಪೂರ್ತಿ ಲೋಹ ಅಂತಲೇ ಹಿಡಿಯಿರಿ. ಒಂದು ಇವಿ ಕಾರಿಗೆ ಸುಮಾರು 8 ಕೆ.ಜಿ. ಬೇಕು ಅಂದ್ರೂ 2 ಲಕ್ಷ ಕಾರು ಆಗುತ್ತೆ. ನಮ್ಮ ದೇಶದಲ್ಲಿ ವರ್ಷಕ್ಕೆ 40 ಲಕ್ಷಕ್ಕಿಂತ ಜಾಸ್ತಿ ಕಾರು ಮಾರಾಟ ಆಗ್ತವೆ!

ಇನ್ನು ಕಸ. ಇಂಥ ಬಂಡೆಯಲ್ಲಿ ಲಿಥಿಯಂ ಆಕ್ಸೈಡ್ ಇರೋದು ಸಾಮಾನ್ಯವಾಗಿ ಶೇ 1–2. ಮಿಕ್ಕಿದ್ದೆಲ್ಲ ಗುಡ್ಡೆ. ಕಲ್ಲು ಪುಡಿ ಮಾಡಿ, 1,000 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಹುರಿದು, ಗಂಧಕಾಮ್ಲ ಹಾಕಿ, ನೀರಲ್ಲಿ ತೊಳೀಬೇಕು. ಆ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ? ನಾಗಮಂಗಲದಲ್ಲಿ ಬೋರ್‌ವೆಲ್ ಕೊರೆಸಿ ಸೋತ ಮನೆಯವರಿಗೆ, ಕೆ.ಆರ್. ಪೇಟೆಯಲ್ಲಿ ಹೇಮಾವತಿ ನೀರು ಕಾಯೋರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾ?

ಈಗ ದುಡ್ಡು. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಲಿಥಿಯಂಗೆ ನಿಗದಿ ಮಾಡಿದ ರಾಜಧನ ಶೇ 3. ಅಂದ್ರೆ 100 ರೂಪಾಯಿ ಲೋಹಕ್ಕೆ 3 ರೂಪಾಯಿ, ಅದು ರಾಜ್ಯಕ್ಕೆ. ಹರಾಜಿನಲ್ಲಿ ಬರೋದೂ ರಾಜ್ಯದ ಖಜಾನೆಗೇ. ಗಣಿಯಿಂದ ತೊಂದರೆ ಆದ ಊರುಗಳಿಗೆ ಅಂತ ಇರೋದು ಜಿಲ್ಲಾ ಖನಿಜ ಪ್ರತಿಷ್ಠಾನ. ಹರಾಜಾದ ಗಣಿಯಿಂದ ಅದಕ್ಕೆ ಸಿಗೋದು ರಾಜಧನದ ಶೇ 10ರಷ್ಟು. ಮೂವತ್ತು ಪೈಸೆ!

ರೇಟೂ ನಮ್ಮ ಟೊಮೆಟೊ ಥರಾನೇ. 2022ರ ಕೊನೆಗೆ ಟನ್‌ಗೆ 80 ಸಾವಿರ ಡಾಲರ್ ಹತ್ತಿರ ಹೋಗಿದ್ದ ಲಿಥಿಯಂ ಕಾರ್ಬೊನೇಟ್ 2024ರ ಕೊನೆಗೆ 10 ಸಾವಿರದ ಆಸುಪಾಸಿಗೆ ಬಿತ್ತು. ರೇಟು ಬಿದ್ರೆ ಕಂಪನಿ ಬೀಗ ಹಾಕ್ಕೊಂಡು ಹೋಗುತ್ತೆ. ಗುಂಡಿ ಊರಲ್ಲೇ ಉಳಿಯುತ್ತೆ.

ಪಾಂಡವಪುರದ ಹುಡುಗರಿಗೆ ಇದು ಹೊಸದಲ್ಲ. ಬೇಬಿ ಬೆಟ್ಟದಲ್ಲಿ ವರ್ಷಗಟ್ಟಲೆ ಕಲ್ಲು ಸಿಡಿಸಿದ ಮೇಲೆ, ಕೆಆರ್‌ಎಸ್ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ನಿಲ್ಲಿಸಿ ಅಂತ ಹೈಕೋರ್ಟ್ ಹೇಳಿದ್ದು 2024ರ ಜನವರಿಯಲ್ಲಿ. ಮೊದಲು ಸಿಡಿಸಿ ಆಮೇಲೆ ಪ್ರಶ್ನೆ ಕೇಳೋ ಈ ಕ್ರಮ ಲಿಥಿಯಂ ವಿಷಯದಲ್ಲಿ ಉಲ್ಟಾ ಆಗಲಿ.

ಗಣಿ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಹರಾಜಿಗೆ ಮುಂಚೆ ಪೂರ್ತಿ ಸಮೀಕ್ಷೆ ಕನ್ನಡದಲ್ಲಿ ಗ್ರಾಮಸಭೆ ಮುಂದೆ ಬರಲಿ. ನೀರಿನ ಲೆಕ್ಕ, ಕಸದ ಲೆಕ್ಕ ಬರಹದಲ್ಲಿ ಇರಲಿ. ಊರಿನ ಪಾಲು 30 ಪೈಸೆಗೆ ನಿಲ್ಲದಿರಲಿ.

ನಿಮ್ಮನೆ ಡ್ರಾಯರ್‌ನಲ್ಲಿ ಸತ್ತು ಬಿದ್ದಿರೋ ಫೋನ್ ಬ್ಯಾಟರಿಯಲ್ಲೂ ಲಿಥಿಯಂ ಇದೆ. 2022ರ ನಿಯಮದ ಪ್ರಕಾರ ಹಳೇ ಬ್ಯಾಟರಿ ಮರುಬಳಕೆಯ ಜವಾಬ್ದಾರಿ ತಯಾರಕರದ್ದು. ಕಸದ ಬುಟ್ಟಿಗೆ ಹಾಕಬೇಡಿ, ವಾಪಸ್ ಕೊಡಿ.

ನಿಮ್ಮದು ಯಾವೂರು? ನಿಮ್ಮೂರ ಗ್ರಾಮಸಭೆಗೆ ಕೊನೇ ಸಲ ಯಾವಾಗ ಹೋಗಿದ್ರಿ? ಕೆಳಗೆ ಬರೀರಿ.

#ಮಂಡ್ಯ #ಶ್ರೀರಂಗಪಟ್ಟಣ #ಪಾಂಡವಪುರ #ಕೆಆರ್‌ಪೇಟೆ #ನಾಗಮಂಗಲ