ನೋಡುಗರ ಊರಿಗೆ ಹೋಗದ ಮಾಧ್ಯಮ ಪಾಠ

ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಬೈಕಿನಲ್ಲಿ ಬಂದ ಇಬ್ಬರು ಅವರಲ್ಲೊಂದು ಮಗುವನ್ನು ಎತ್ತಿಕೊಂಡು ಪರಾರಿಯಾಗುತ್ತಾರೆ. 2018ರಲ್ಲಿ ಕರ್ನಾಟಕದ ಮೊಬೈಲುಗಳಲ್ಲೂ ಓಡಾಡಿದ ವಿಡಿಯೊ ಇಷ್ಟೇ. ಅಸಲಿಗೆ ಅದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಕರಾಚಿಯಲ್ಲಿ ಚಿತ್ರಿಸಿದ ಜಾಗೃತಿ ಜಾಹೀರಾತು. ಮೂಲದಲ್ಲಿ ಆ ಸವಾರರು ತಿರುಗಿ ಬರುತ್ತಾರೆ, ಮಗುವನ್ನು ಇಳಿಸಿ ಒಂದು ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದರು.

ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿತು. ಮಕ್ಕಳ ಕಳ್ಳರೆಂಬ ಗುಲ್ಲೆದ್ದಿತು. ಅವರ ಕಾರು ಮುರ್ಕಿ ಎಂಬ ಊರು ತಲುಪುವಷ್ಟರಲ್ಲಿ ವಾಟ್ಸ್‌ಆ್ಯಪ್ ಸುದ್ದಿ ಮುಂದೆ ಹೋಗಿತ್ತು, ದಾರಿಗೆ ಅಡ್ಡ ಹಾಕಿದ್ದರು. ಒಬ್ಬ ಯುವ ಎಂಜಿನಿಯರ್ ಗುಂಪಿನ ಹೊಡೆತಕ್ಕೆ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದವು.

ಯಾರು ಹೇಗೆ ತಯಾರಿಸಿದರು, ಯಾರು ನೋಡಿದರು, ನೋಡಿದ್ದರಿಂದ ಏನಾಯಿತು: ಮಾಧ್ಯಮ ಅಧ್ಯಯನ ನಿಂತಿರುವುದು ಈ ಮೂರು ಪ್ರಶ್ನೆಗಳ ಮೇಲೆ. ವಿಡಿಯೊದ ಮೂಲವನ್ನು ಪತ್ರಕರ್ತರು ಬಯಲಿಗೆಳೆದರು. ಉಳಿದೆರಡಕ್ಕೆ ಉತ್ತರ ಹುಡುಕಲು ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳಲ್ಲಿ ಜನರನ್ನು ಮಾತನಾಡಿಸಿ 2019ರಲ್ಲಿ ವರದಿ ಕೊಟ್ಟವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಮಾಧ್ಯಮ ವಿಭಾಗದ ಶಕುಂತಲಾ ಬಾನಾಜಿ, ರಾಮ್ ಭಟ್ ಮತ್ತು ಸಂಗಡಿಗರು. ಮೊಬೈಲ್ ಬಳಕೆ ಸರಿಯಾಗಿ ತಿಳಿಯದ ಮುಗ್ಧರು ಮೋಸಹೋದರು ಎಂಬ ಸುಲಭದ ವಿವರಣೆಯನ್ನು ಆ ವರದಿ ಒಪ್ಪಲಿಲ್ಲ. ಮೊದಲೇ ಮನಸ್ಸಿನಲ್ಲಿದ್ದ ಪೂರ್ವಗ್ರಹ, ಸಂದೇಶ ಕಳಿಸಿದವರ ಮೇಲಿನ ನಂಟಿನ ನಂಬಿಕೆ ಇವೇ ಹೆಚ್ಚು ಕೆಲಸ ಮಾಡಿದ್ದವು. ನಮ್ಮದೇ ಹಳ್ಳಿ, ನಮ್ಮದೇ ಭಾಷೆ, ನಮ್ಮದೇ ಸಾವು. ಉತ್ತರ ಮಾತ್ರ ಲಂಡನ್ನಿನಿಂದ ಬರಬೇಕಾಯಿತು.

ಹೀಗಾಗಬೇಕಿರಲಿಲ್ಲ. ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಆರಂಭಿಸಿದ ನಾಡು ಇದು. ಅವರು ಪಾಠ ಹೇಳುತ್ತಿದ್ದ ಮಹಾರಾಜ ಕಾಲೇಜಿನಲ್ಲೇ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲಿ ಪತ್ರಿಕೋದ್ಯಮ ವಿಭಾಗ ಕಟ್ಟಿದರು. ಇಂದು ಇಂಥ ವಿಭಾಗಗಳಿಗೆ ಕೊರತೆಯಿಲ್ಲ. ಆದರೆ ಒತ್ತು ಬೀಳುವುದು ಸುದ್ದಿ ಬರೆಯುವುದು, ಕ್ಯಾಮೆರಾ, ಎಡಿಟಿಂಗ್, ನಿರೂಪಣೆಯ ಮೇಲೆ. ಹುಡುಗರಿಗೆ ನೌಕರಿ ಸಿಗಬೇಕಲ್ಲ, ಆ ಒತ್ತು ಬೇಕೇ ಬೇಕು. ನೋಡುಗರು, ಪರಿಣಾಮ ಎಂಬ ಭಾಗ ಮಾತ್ರ ಬುಲೆಟ್ ಸಿದ್ಧಾಂತ, ಎರಡು ಹಂತದ ಸಂವಹನ ಎಂದು ಹತ್ತು ಅಂಕದ ಟಿಪ್ಪಣಿಗೆ ಇಳಿದುಬಿಡುತ್ತದೆ.

ಆ ಟಿಪ್ಪಣಿಗಳ ಹಿಂದೆ ಮೈಲುಗಟ್ಟಲೆ ನಡೆದ ಕಾಲುಗಳಿವೆ. 1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ಅಮೆರಿಕದ ರೇಡಿಯೊದಲ್ಲಿ ಮಂಗಳ ಗ್ರಹದವರ ದಾಳಿಯ ನಾಟಕವನ್ನು ಸುದ್ದಿಯ ಧಾಟಿಯಲ್ಲಿ ಪ್ರಸಾರ ಮಾಡಿದರು. ಪ್ರಿನ್ಸ್‌ಟನ್ನಿನ ಹ್ಯಾಡ್ಲಿ ಕ್ಯಾಂಟ್ರಿಲ್ ಅವರ ತಂಡ ಕೇಳುಗರ ಮನೆಗಳಿಗೇ ಹೋಗಿ 135 ಜನರನ್ನು ವಿವರವಾಗಿ ಮಾತನಾಡಿಸಿತು. ಹೆದರಿದ್ದ ಒಬ್ಬರು ಕಿಟಕಿಯಿಂದ ಇಣುಕಿದಾಗ ರಸ್ತೆ ತುಂಬ ಕಾರುಗಳಿದ್ದವು: ಜನ ಊರು ಬಿಟ್ಟು ಓಡುತ್ತಿದ್ದಾರೆ ಎಂದುಕೊಂಡರು. ಇನ್ನೊಬ್ಬರಿಗೆ ಒಂದು ಕಾರೂ ಕಾಣಲಿಲ್ಲ: ದಾರಿಗಳೆಲ್ಲ ನಾಶವಾಗಿವೆ ಎಂದುಕೊಂಡರು. ಬೇರೆ ಸ್ಟೇಷನ್ ತಿರುಗಿಸಿ ಇದು ನಾಟಕವೆಂದು ತಿಳಿದು ನಿರಾಳರಾದವರೂ ಇದ್ದರು. ಅಂದಿನ ಪತ್ರಿಕೆಗಳು ಆ ಭೀತಿಯನ್ನು ಉಬ್ಬಿಸಿ ಬರೆದವೆಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಆದರೂ ಆ ಎರಡು ಕಿಟಕಿಗಳನ್ನು ಓದಿದ ವಿದ್ಯಾರ್ಥಿಗೆ ಮುರ್ಕಿಯ ದಾರಿಯಲ್ಲಿ ಚಾಕೊಲೇಟ್ ಯಾಕೆ ಅಪರಾಧವಾಯಿತು ಎಂಬುದು ಅರ್ಥವಾಗತೊಡಗುತ್ತದೆ.

ನಮ್ಮಲ್ಲೇ ಇದಕ್ಕಿಂತ ದೊಡ್ಡ ಕೆಲಸ ನಡೆದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೊ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿತು. ‘ಸೈಟ್’ ಎಂಬ ಆ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ತಂತಿ ಬಲೆಯ ದೊಡ್ಡ ಆಂಟೆನಾ, ಊರಿಗೊಂದು ಪೆಟ್ಟಿಗೆ, ಬೆಳಿಗ್ಗೆ ಶಾಲಾ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷದ ಕನ್ನಡ ಪಾಠ. ಪ್ರಯೋಗದ ಜೊತೆಗೇ ಸಂಶೋಧನೆಯೂ ಸಾಗಿತು. ಆಯ್ದ ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ತಿಂಗಳುಗಟ್ಟಲೆ ಬಿಡಾರ ಹೂಡಿ, ಟಿ.ವಿ. ಬರುವ ಮೊದಲು ಜನ ಹೇಗಿದ್ದರು, ಬಂದ ಮೇಲೆ ಏನಾಯಿತು ಎಂದು ಬರೆದಿಟ್ಟರು.

ಇಂದು ನೋಡುಗರ ಲೆಕ್ಕ ಟಿಆರ್‌ಪಿ ಯಂತ್ರದ ಪಾಲಾಗಿದೆ. 2020ರ ಟಿಆರ್‌ಪಿ ಹಗರಣದ ನಂತರ ಸುದ್ದಿ ವಾಹಿನಿಗಳ ರೇಟಿಂಗ್ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತೇ ಹೋಗಿತ್ತು. ಲೆಕ್ಕ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಹೇಳುವುದು ಟಿ.ವಿ. ಯಾವ ವಾಹಿನಿಯಲ್ಲಿತ್ತು ಎಂಬುದನ್ನು. ಅದನ್ನು ನೋಡುತ್ತಾ ಅತ್ತೆ ಸೊಸೆಗೆ ಏನು ಹೇಳಿದಳು ಎಂಬುದು ಯಂತ್ರಕ್ಕೆ ಕೇಳಿಸುವುದಿಲ್ಲ.

ಅದನ್ನು ಕೇಳಿಸಿಕೊಳ್ಳುವ ಕೆಲಸ ವಿಶ್ವವಿದ್ಯಾಲಯಗಳದು. ಸ್ನಾತಕೋತ್ತರ ವಿದ್ಯಾರ್ಥಿ ಒಂದು ಸೆಮಿಸ್ಟರ್ ಪೂರ್ತಿ ಒಂದೇ ಓಣಿಯಲ್ಲಿ ಓಡಾಡಲಿ, ಅಲ್ಲಿನ ಜನ ಏನು ನೋಡುತ್ತಾರೆ, ಯಾರ ಮಾತು ನಂಬುತ್ತಾರೆ, ಯಾವುದನ್ನು ಫಾರ್ವರ್ಡ್ ಮಾಡುತ್ತಾರೆ ಎಂದು ಕನ್ನಡದಲ್ಲಿ ಬರೆಯಲಿ. ಸ್ಟುಡಿಯೊ ಕಟ್ಟುವಷ್ಟು ದುಡ್ಡು ಇದಕ್ಕೆ ಬೇಡ. ಮೊದಲ ಹೆಜ್ಜೆಗೆ ಜಾಗವೂ ಸಿದ್ಧವಿದೆ. 1975ರಲ್ಲಿ ಶಾಲೆಯ ನೆಲದ ಮೇಲೆ ಕುಳಿತು ಟಿ.ವಿ. ನೋಡಿದ ಆ ಮಕ್ಕಳಿಗೆ ಈಗ ಅರವತ್ತರ ಆಸುಪಾಸು, ಅವರ ಕೈಯಲ್ಲೂ ಮೊಬೈಲ್ ಬಂದಿದೆ. ಒಂದೇ ಆಯುಷ್ಯದಲ್ಲಿ ಉಪಗ್ರಹದ ಪಾಠವನ್ನೂ ವಾಟ್ಸ್‌ಆ್ಯಪ್ ವದಂತಿಯನ್ನೂ ಕಂಡ ಇಂಥವರನ್ನು ಕಲಬುರಗಿ, ವಿಜಯಪುರದ ವಿಶ್ವವಿದ್ಯಾಲಯಗಳು ಈ ಶೈಕ್ಷಣಿಕ ವರ್ಷದಲ್ಲೇ ಹುಡುಕಿ ಮಾತನಾಡಿಸಬೇಕು.