ಆಯಿಲ್ ಇಳಿದಿಲ್ಲ ಎಂದು ಹಿಗ್ಗಬೇಡಿ

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರಿಗೆ ಹೊಳವಾದ ಎರಡು ದಿನ ಸಿಕ್ಕಿದರೆ ಅದೇ ಪುಣ್ಯ. ಜನ ಸಿಗಬೇಕು, ಮಳೆ ಬಿಡಬೇಕು, ಮರ ಒಣಗಬೇಕು. ಎಲ್ಲ ಕೂಡಿ ಬಂದ ದಿನವೇ ಪಂಪು ಕೈಕೊಟ್ಟರೆ? ಎರಡು ವರ್ಷದ ಹಿಂದೆ ನನಗೆ ಆದದ್ದು ಇದೇ.

ಎರಡನೇ ಸುತ್ತಿನ ಬೋರ್ಡೋ ಬಿಡುತ್ತಾ ಇದ್ದೆವು. ಎರಡನೇ ಬ್ಯಾರಲ್ ಅರ್ಧ ಆಗುವಾಗ ಎಚ್‌ಟಿಪಿ ಪಂಪಿನಿಂದ ಕಟಕಟ ಶಬ್ದ. ಐದು ನಿಮಿಷದಲ್ಲಿ ಪಂಪು ಕಚ್ಚಿ ನಿಂತಿತು. ಪೇಟೆಗೆ ಹೊತ್ತುಕೊಂಡು ಹೋದೆ. ಮೆಕ್ಯಾನಿಕ್ ಕೆಳಗಿನ ಬೋಲ್ಟು ತೆಗೆದಾಗ ಇಳಿದದ್ದು ಆಯಿಲ್ ಅಲ್ಲ, ಹಾಲು ಜಾಸ್ತಿ ಹಾಕಿದ ಚಾ!

"ಆಯಿಲ್ ಯಾವಾಗ ಬದಲಿಸಿದ್ದು ಅಣ್ಣಾ?"

"ಬದಲಿಸುವುದು ಎಂಥಕ್ಕೆ? ಗಾಜಿನಲ್ಲಿ ನೋಡ್ತಾನೇ ಇದ್ದೆ. ಒಂದು ಚೂರೂ ಕಮ್ಮಿ ಆಗಿರಲಿಲ್ಲ."

"ಕಮ್ಮಿ ಆಗದ್ದೇ ರೋಗ. ಆಯಿಲ್ ಹೋದ ಜಾಗಕ್ಕೆ ನೀರು ಬಂದು ಕೂತಿದೆ."

ಬೇರಿಂಗನ್ನು ತೊಳೆದು ತೋರಿಸಿದರು. ಕನ್ನಡಿಯಂತಿರಬೇಕಾದ ಉಕ್ಕಿನ ಮೇಲೆ ಸಿಡುಬು ಎದ್ದು ಮಾಗಿದ ಹಾಗೆ ಕುಳಿಗಳು. ಎರಡು ಬೇರಿಂಗ್, ಕನೆಕ್ಟಿಂಗ್ ರಾಡ್, ಸೀಲುಗಳು, ಕೂಲಿ ಎಲ್ಲ ಸೇರಿ ಐದು ಸಾವಿರ ದಾಟಿತು. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಬಿಡಿಭಾಗ ಬರುವಾಗ ಹನ್ನೊಂದು ದಿನ ಕಳೆದಿತ್ತು. ಅಷ್ಟರಲ್ಲಿ ಮಳೆ ಹಿಡಿದು ಕೆಳಗಿನ ತೋಟಕ್ಕೆ ಕೊಳೆರೋಗ ಬಂದೇ ಬಿಟ್ಟಿತು.

ಅಂದಿನಿಂದ ಈ ವಿಷಯವನ್ನು ಕೆದಕುತ್ತಾ ಬಂದಿದ್ದೇನೆ. ನನಗೆ ಖಚಿತವಾದದ್ದು ಇಷ್ಟು: ನಾವು ಆಯಿಲಿನ ಮಟ್ಟ ನೋಡುತ್ತೇವೆ, ಗುಣ ನೋಡುವುದಿಲ್ಲ. ನಮ್ಮ ಕರಾವಳಿ, ಮಲೆನಾಡಿನಂಥ ಮಳೆಯ ಊರಿನಲ್ಲಿ ಯಂತ್ರಗಳು ದುಡಿದು ಸವೆಯುವುದಕ್ಕಿಂತ ನೀರು ಕುಡಿದು ಸವೆಯುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ನೀರು ಮಾಡುವ ಕೆಲಸ

ಬೇರಿಂಗಿನ ಗುಂಡಿಗೂ ಅದು ಉರುಳುವ ದಾರಿಗೂ ನಡುವೆ ಇರುವ ಆಯಿಲ್ ಪದರ ತಲೆಕೂದಲಿನ ನೂರರಲ್ಲಿ ಒಂದು ಪಾಲಿನಷ್ಟೂ ದಪ್ಪವಿಲ್ಲ. ಆದರೂ ಅದು ಲೋಹಕ್ಕೆ ಲೋಹ ತಾಗದ ಹಾಗೆ ನೋಡಿಕೊಳ್ಳುತ್ತದೆ. ಹೇಗೆಂದರೆ, ಭಾರ ಬಿದ್ದ ಕೂಡಲೇ ಆಯಿಲ್ ಆ ಜಾಗದಲ್ಲಿ ವಿಪರೀತ ಗಟ್ಟಿಯಾಗಿ ತಡೆಯುತ್ತದೆ. ನೀರಿಗೆ ಈ ಗುಣ ಇಲ್ಲ. ಎಷ್ಟು ಒತ್ತಿದರೂ ನೀರು ನೀರೇ. ಹಾಗಾಗಿ ನೀರಿನ ಕಣ ಆ ಸಂದಿಗೆ ಬಂದಾಗ ಪದರ ಹರಿಯುತ್ತದೆ, ಉಕ್ಕಿಗೆ ಉಕ್ಕು ಉಜ್ಜುತ್ತದೆ.

ಎರಡನೆಯದು ತುಕ್ಕು. ಯಂತ್ರ ನಿಂತಿರುವಾಗ ನೀರು ತಾಗಿದಲ್ಲಿ ತುಕ್ಕು ಹಿಡಿಯುತ್ತದೆ. ಮತ್ತೆ ಚಾಲೂ ಮಾಡಿದಾಗ ಆ ತುಕ್ಕಿನ ಹುಡಿ ಕಳಚಿ ಆಯಿಲಿನೊಟ್ಟಿಗೆ ಸುತ್ತುತ್ತದೆ. ಅದು ಮರಳು ಕಾಗದದ ಹುಡಿಯಂತೆ. ಒಂದು ಕಡೆಯ ತುಕ್ಕು ಎಲ್ಲ ಕಡೆಯನ್ನೂ ಉಜ್ಜುತ್ತದೆ.

ಮೂರನೆಯದು ಕಣ್ಣಿಗೆ ಕಾಣದ್ದು. ಉಕ್ಕಿನ ಮೇಲ್ಮೈಯಲ್ಲಿ ಸೂಕ್ಷ್ಮ ಬಿರುಕುಗಳು ಇದ್ದೇ ಇರುತ್ತವೆ. ನೀರು ಅದರೊಳಗೆ ಇಳಿಯುತ್ತದೆ. ಅಲ್ಲಿನ ಒತ್ತಡದಲ್ಲಿ ನೀರು ಒಡೆದು ಹೊರಡುವ ಜಲಜನಕ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಬಿರುಕು ಬೆಳೆದು ಚಕ್ಕೆ ಏಳುತ್ತದೆ. ನನ್ನ ಬೇರಿಂಗಿನಲ್ಲಿ ಕಂಡ ಕುಳಿಗಳ ಹುಟ್ಟು ಇಂಥದ್ದೇ.

ಸಾಲದ್ದಕ್ಕೆ ನೀರು ಆಯಿಲನ್ನೇ ಕೆಡಿಸುತ್ತದೆ. ಸವೆತ ತಡೆಯಲೆಂದು ಕಂಪೆನಿಯವರು ಬೆರೆಸಿದ ರಾಸಾಯನಿಕಗಳು ನೀರಿನಲ್ಲಿ ಹಾಳಾಗುತ್ತವೆ. ಆಯಿಲ್ ಬೇಗ ಹುಳಿಯಾಗಿ ರಾಡಿ ಕಟ್ಟುತ್ತದೆ.

ಎರಡು ಹನಿ, ಎಂಟು ಹನಿ

ಎಷ್ಟು ನೀರು ಸೇರಿದರೆ ತೊಂದರೆ? ನಾನು ಚಮಚದ ಲೆಕ್ಕದಲ್ಲಿ ಯೋಚಿಸಿದ್ದೆ. ಇದು ಹನಿಯ ಲೆಕ್ಕ. 1977ರಲ್ಲಿ ಕ್ಯಾಂಟ್ಲಿ ಎಂಬ ಅಮೆರಿಕದ ಸಂಶೋಧಕ ರೋಲರ್ ಬೇರಿಂಗುಗಳ ಮೇಲೆ ಮಾಡಿದ ಪರೀಕ್ಷೆಯ ಫಲಿತಾಂಶವನ್ನು ಇಂದಿಗೂ ಉದಾಹರಿಸುತ್ತಾರೆ. ಆಯಿಲಿನ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು ನೀರಿದ್ದಾಗಿನ ಬಾಳಿಕೆಯನ್ನು ಒಂದು ಎಂದಿಟ್ಟುಕೊಳ್ಳಿ. ನೀರು 400 ಪಾಲಿಗೆ ಏರಿದರೆ ಬಾಳಿಕೆ ಅರ್ಧಕ್ಕಿಂತ ಕೆಳಗೆ. ನೀರು 25 ಪಾಲಿಗೆ ಇಳಿದರೆ ಬಾಳಿಕೆ ಎರಡು ಪಟ್ಟಿಗೂ ಮೇಲೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಂದು ಲೀಟರ್ ಆಯಿಲಿನಲ್ಲಿ 100 ಪಾಲು ಅಂದರೆ ಸುಮಾರು ಎರಡು ಹನಿ ನೀರು. 400 ಪಾಲು ಅಂದರೆ ಎಂಟು ಹನಿ. ಕಳೆ ಕತ್ತರಿಸುವ ನಾಲ್ಕು ಸ್ಟ್ರೋಕಿನ ಸಣ್ಣ ಎಂಜಿನುಗಳಲ್ಲಿ ಆಯಿಲ್ ಹಿಡಿಯುವುದೇ 100 ಮಿ.ಲೀ. ಆಸುಪಾಸು. ಅದಕ್ಕೆ ಒಂದೇ ಹನಿ ನೀರು ಬಿದ್ದರೂ 500 ಪಾಲು! ಯಂತ್ರ ಯಂತ್ರಕ್ಕೆ, ಆಯಿಲ್ ಆಯಿಲಿಗೆ ಲೆಕ್ಕ ಬದಲಾದೀತು. ಆದರೆ ದಾರಿ ಯಾವ ಕಡೆಗೆ ಎಂಬುದರಲ್ಲಿ ಸಂಶಯ ಬೇಡ.

ಇನ್ನೊಂದು ಮಾತು. ಆಯಿಲ್ ಬೆಳ್ಳಗಾಗುವುದು ನೀರು ಅದರಲ್ಲಿ ಕರಗಿ ಮುಗಿದ ಮೇಲೆ. ಕಣ್ಣಿಗೆ ಕಾಣುವ ಹೊತ್ತಿಗೆ ಕೆಲಸ ಕೆಟ್ಟು ಬಹಳ ದಿನ ಆಗಿರುತ್ತದೆ.

ಬಾಗಿಲು ತೆರೆದವರು ನಾವೇ

ಎಚ್‌ಟಿಪಿ ಪಂಪಿನಲ್ಲಿ ಪ್ಲಂಜರಿನ ಪ್ಯಾಕಿಂಗ್ ಸವೆದರೆ ಒತ್ತಡದ ನೀರು ಹಿಂದಕ್ಕೆ ಜಿನುಗುತ್ತದೆ. ಸ್ವಲ್ಪ ಹೊರಗೆ ತೊಟ್ಟಿಕ್ಕುತ್ತದೆ, ಸ್ವಲ್ಪ ಸೀಲು ದಾಟಿ ಆಯಿಲಿಗೆ ಸೇರುತ್ತದೆ. ಸರಿಯಾಗಿ ಸೋಸದ ಸುಣ್ಣದ ಕಲ್ಲುಹುಡಿ ಪ್ಯಾಕಿಂಗನ್ನು ಇನ್ನಷ್ಟು ಬೇಗ ತಿನ್ನುತ್ತದೆ. "ಸ್ವಲ್ಪ ತೊಟ್ಟಿಕ್ಕಿದರೆ ಎಂಥ ಆಗ್ತದೆ, ಈ ಸುತ್ತು ಮುಗಿಯಲಿ" ಎಂದು ಮುಂದೂಡಿದವನು ನಾನೇ.

ಟಿಲ್ಲರಿನಲ್ಲಿ ಕೆಸರುಗದ್ದೆ ಉಳುವವರಿಗೆ ಚಕ್ರದ ಆ್ಯಕ್ಸಿಲಿನ ಸೀಲೇ ಬಾಗಿಲು. ಸೀಲು ಸವೆದರೆ ಗೇರ್ ಆಯಿಲಿಗೆ ಗದ್ದೆಯ ನೀರು, ಒಟ್ಟಿಗೆ ಕೆಸರೂ ಬರುತ್ತದೆ.

ಎಂಜಿನಿಗೆ ಹೊರಗಿನ ನೀರೇ ಬೇಕೆಂದಿಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ ಎಂದರೆ ನಂಬುತ್ತೀರಾ? ಬಹುಪಾಲು ಹೊಗೆಕೊಳವೆಯಲ್ಲಿ ಹೋಗುತ್ತದೆ. ಆದರೆ ಸ್ವಲ್ಪ ಪಿಸ್ಟನ್ ರಿಂಗಿನ ಸಂದಿಯಲ್ಲಿ ಕೆಳಗಿಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ತಣ್ಣಗಾಗಿ ಆಯಿಲಿಗೇ ಇಳಿಯುತ್ತದೆ. ಮಳೆಗಾಲದಲ್ಲಿ "ಹಾಳಾಗದಿರಲಿ" ಎಂದು ವಾರಕ್ಕೊಮ್ಮೆ ಎರಡು ನಿಮಿಷ ಚಾಲೂ ಮಾಡಿ ನಿಲ್ಲಿಸುತ್ತೇವಲ್ಲ, ಅದು ಉಪಕಾರ ಅಲ್ಲ, ಅಪಕಾರ. ಚಾಲೂ ಮಾಡಿದರೆ ಅರ್ಧ ಗಂಟೆ ಓಡಿಸಿ, ಇಲ್ಲವೇ ಮುಟ್ಟಬೇಡಿ.

ಇನ್ನು ಆಯಿಲ್ ಇಡುವ ಕ್ರಮ. ಕೊಟ್ಟಿಗೆಯ ಮಾಡಿನ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿದ ಡಬ್ಬಿಯ ಮುಚ್ಚಳದ ಸುತ್ತ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಗೆ ಡಬ್ಬಿಯೊಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಒಳಕ್ಕೆ ಎಳೆಯುತ್ತದೆ, ಗಾಳಿಯೊಟ್ಟಿಗೆ ಮುಚ್ಚಳದ ಮೇಲಿನ ನೀರನ್ನೂ. ಮುಚ್ಚಳ ಬಿಗಿ ಇದೆ ಎಂಬ ಧೈರ್ಯ ಸಾಲದು. ಮದ್ದು ಅಳೆದ ಒದ್ದೆ ಲೋಟದಲ್ಲೇ ಆಯಿಲ್ ಅಳೆಯುವವರನ್ನೂ ಕಂಡಿದ್ದೇನೆ.

"ಸುಮ್ಮನೆ ಖರ್ಚು" ಎನ್ನುವವರಿಗೆ

ಇದನ್ನೆಲ್ಲ ಹೇಳಿದಾಗ ನೆರೆಕರೆಯವರು ಒಬ್ಬರು ನಕ್ಕರು. "ನಮ್ಮ ಅಪ್ಪಯ್ಯನ ಕಾಲದ ಪಂಪ್‌ಸೆಟ್ಟು ಇಪ್ಪತ್ತು ವರ್ಷ ಓಡಿತು. ಆಯಿಲ್ ಕಮ್ಮಿಯಾದಾಗ ಹಾಕಿದ್ದು ಮಾತ್ರ" ಎಂದರು. ಮಾತು ಸುಳ್ಳಲ್ಲ. ಆದರೆ ಹಳೆಯ ಪಂಪ್‌ಸೆಟ್ಟು ನಿಧಾನ ತಿರುಗುವ ಭಾರದ ಎಂಜಿನ್. ಬೇಸಿಗೆಯಲ್ಲಿ ದಿನವಿಡೀ ಓಡಿ ಬಿಸಿಯಾಗುತ್ತಿತ್ತು, ಹೊಕ್ಕ ನೀರು ಆರಿ ಹೋಗುತ್ತಿತ್ತು. ಇಂದಿನ ಸಣ್ಣ ಯಂತ್ರಗಳು ವೇಗದವು, ಆಯಿಲ್ ಸ್ವಲ್ಪ, ಕೆಲಸ ಬಿಟ್ಟು ಬಿಟ್ಟು. ಅಂದಿನ ಕ್ರಮ ಇಂದಿಗೆ ಹೊಂದಲಿಕ್ಕಿಲ್ಲ.

ಕೈಪಿಡಿಯಲ್ಲಿ ಇಷ್ಟು ಗಂಟೆಗೊಮ್ಮೆ ಬದಲಿಸಿ ಎಂದಿರುತ್ತದೆ. ಸಣ್ಣ ಹಿಡುವಳಿಯಲ್ಲಿ ಅಷ್ಟು ಗಂಟೆ ಆಗುವಾಗ ಎರಡು ಮಳೆಗಾಲ ಕಳೆಯುತ್ತದೆ. ಆದ ಕಾರಣ ನಮಗೆ ಗಂಟೆಯ ಲೆಕ್ಕದೊಟ್ಟಿಗೆ ಪಂಚಾಂಗದ ಲೆಕ್ಕವೂ ಬೇಕು. ನಾನೀಗ ಪಾಲಿಸುವುದು ಇಷ್ಟು:

* ಪತ್ತನಾಜೆಯೊಳಗೆ ಮದ್ದಿನ ಪಂಪಿನ ಆಯಿಲ್ ಬದಲು. ಪ್ಯಾಕಿಂಗ್, ಸೀಲು ನೋಡಿ ಸಂಶಯವಿದ್ದರೆ ಹೊಸದು. ಮದ್ದು ಬಿಡುವ ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಬದಲು, ಹಳೆಯ ಆಯಿಲಿನಲ್ಲಿ ಯಂತ್ರವನ್ನು ನಿಲ್ಲಿಸಿಡುವುದಿಲ್ಲ.

* ಪ್ರತಿ ಸುತ್ತಿಗೆ ಮೊದಲು, ರಾತ್ರಿಯಿಡೀ ನಿಂತ ಪಂಪಿನ ಕೆಳಗಿನ ಬೋಲ್ಟು ಸಡಿಲಿಸಿ ನಾಲ್ಕು ಹನಿ ಬಿಡುತ್ತೇನೆ. ನೀರು ಭಾರ, ಕೆಳಗೆ ಕೂತಿರುತ್ತದೆ. ಇದ್ದರೆ ಮೊದಲು ಬರುವುದು ಅದೇ.

* ಸಂಶಯ ಬಂದರೆ ಒಗ್ಗರಣೆ ಪರೀಕ್ಷೆ. ಬೇಡದ ತಗಡನ್ನು ಚೆನ್ನಾಗಿ ಬಿಸಿ ಮಾಡಿ ಬೆಂಕಿಯಿಂದ ದೂರ ಇಟ್ಟು ಒಂದು ಹನಿ ಆಯಿಲ್ ಹಾಕಿ. ಚಟಪಟ ಎಂದರೆ ನೀರಿದೆ. ಮುಖ ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಶಬ್ದ ಬರಲಿಲ್ಲವೆಂದು ನೀರೇ ಇಲ್ಲ ಎನ್ನುವಂತಿಲ್ಲ, ತೀರಾ ಕಡಿಮೆ ನೀರು ಇದರಲ್ಲಿ ತಿಳಿಯದು.

* ಮಟ್ಟ ತಾನಾಗಿ ಏರಿದ್ದರೆ ಆ ದಿನ ಯಂತ್ರ ಚಾಲೂ ಮಾಡುವುದಿಲ್ಲ.

* ಆಯಿಲ್ ಡಬ್ಬಿ ಮನೆಯೊಳಗೆ. ಅಳೆಯಲು ಒಣಗಿದ ಪ್ರತ್ಯೇಕ ಪಾತ್ರೆ. ತೆಗೆದ ಹಳೆಯ ಆಯಿಲ್ ತೋಡಿಗೆ ಚೆಲ್ಲುವುದಿಲ್ಲ, ಗ್ಯಾರೇಜಿಗೆ ಕೊಡುತ್ತೇನೆ.

ನನ್ನ ಪಂಪಿಗೆ ಬೇಕಾಗುವುದು ಒಂದು ಲೀಟರಿಗಿಂತ ಕಡಿಮೆ ಆಯಿಲ್. ವರ್ಷಕ್ಕೆ ಎರಡು ಸಲ ಬದಲಿಸಿದರೂ ಆ ಒಂದು ರಿಪೇರಿಯ ದುಡ್ಡು ಮುಗಿಯಲು ವರ್ಷಗಳೇ ಬೇಕು. ಕೊಳೆರೋಗಕ್ಕೆ ಹೋದ ಅಡಿಕೆ ಈ ಲೆಕ್ಕದಲ್ಲಿ ಸೇರಿಲ್ಲ.

ತಪ್ಪು ನಮ್ಮದು ಮಾತ್ರ ಎನ್ನಲಾರೆ. ಯಂತ್ರ ಮಾರುವವರು ಚಾಲೂ ಮಾಡಿ ತೋರಿಸುತ್ತಾರೆ, ಸಬ್ಸಿಡಿಯ ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಆಯಿಲ್ ಬೆಳ್ಳಗಾದರೆ ನಿಲ್ಲಿಸಿ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಪಂಪಿನ ಮೇಲೆ ಅಂಟಿಸಲು ಎಷ್ಟು ಖರ್ಚಾದೀತು? ನಮ್ಮ ಸಹಕಾರಿ ಸಂಘಗಳು ಮೈಲುತುತ್ತಿನೊಟ್ಟಿಗೆ ಸೀಲ್ ಮಾಡಿದ ಸಣ್ಣ ಡಬ್ಬಿಯ ಆಯಿಲ್, ಪ್ಯಾಕಿಂಗ್ ಸೆಟ್ಟುಗಳನ್ನೂ ಮೇ ತಿಂಗಳಲ್ಲೇ ಇಟ್ಟರೆ ಸದಸ್ಯರಿಗೆ ದೊಡ್ಡ ಉಪಕಾರ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ನಾಳೆ ಬೆಳಗ್ಗೆ ನಿಮ್ಮ ಪಂಪಿನ ಗಾಜನ್ನೊಮ್ಮೆ ಒರೆಸಿ ನೋಡಿ. ಮಟ್ಟ ಮಾತ್ರ ಅಲ್ಲ, ಬಣ್ಣ ನೋಡಿ.